ಬೆಂಗಳೂರಿನ ಅಂತರ್ಜಲ, ಸೆಕೆ ಮತ್ತು ಮರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ಬಂತೆಂದರೆ ನಮ್ಮ ಬಡಾವಣೆಗಳಲ್ಲಿ ಮೂರು ದೂರು ಬೇರೆ ಬೇರೆಯಾಗಿ ಕೇಳಿಬರುತ್ತವೆ. ಬೋರ್‌ವೆಲ್ ಬತ್ತಿತು, ಸೆಕೆ ತಡೆಯೋಕಾಗ್ತಿಲ್ಲ, ರಸ್ತೆಯ ಮರ ಕಡಿದುಬಿಟ್ಟರು. ಈ ಮೂರಕ್ಕೂ ಬೇರು ಒಂದೇ ಕಡೆ ಇದೆ, ನಮ್ಮ ಕಾಲಡಿಯ ಮೊದಲ ನೂರು ಅಡಿ ಮಣ್ಣಿನಲ್ಲಿ. ಅಂತರ್ಜಲ, ಶಾಖದ ಚಲನೆ ಮತ್ತು ಸಸ್ಯವಿಜ್ಞಾನದ ಇತ್ತೀಚಿನ ಸಂಶೋಧನೆಗಳನ್ನು ಓದಿದಷ್ಟೂ ನನಗೆ ಈ ಮಾತು ಗಟ್ಟಿಯಾಗುತ್ತಾ ಬಂದಿದೆ. ಜನ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ.

ನಮ್ಮ ನೆಲದಡಿ ನೀರು ಎಲ್ಲಿರುತ್ತೆ? ಕೆಳಗೆ ಹೊಳೆ ಏನಾದ್ರೂ ಹರೀತಿದೆಯಾ?

ಹೊಳೆ ಇಲ್ಲ. ಬೆಂಗಳೂರು ನಿಂತಿರುವುದು ಬಲು ಹಳೆಯ ನೈಸ್ ಶಿಲೆಯ ಮೇಲೆ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ಇರುವ ಬಂಡೆ ಹತ್ತಿದ್ದೀರಲ್ಲ, ಅದೇ ಕಲ್ಲು. ವಯಸ್ಸು ಸುಮಾರು 300 ಕೋಟಿ ವರ್ಷ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಲಾಗಿದೆ. ಆ ಬಂಡೆಯ ಮೈಯೊಳಗೆ ನೀರು ಇಳಿಯಲು ಜಾಗವೇ ಇಲ್ಲ.

ನೀರು ಇರುವುದು ಎರಡು ಕಡೆ. ಒಂದು, ಮೇಲ್ಪದರ. ಕೋಟ್ಯಂತರ ವರ್ಷ ಮಳೆ ಬಿಸಿಲಿಗೆ ಸಿಕ್ಕಿ ಕೊಳೆತ ಕಲ್ಲು ಅದು. ಬಾವಿ ತೋಡುವಾಗ ಹತ್ತು ಹದಿನೈದು ಅಡಿ ಕೆಂಪು ಮಣ್ಣು ಕಳೆದ ಮೇಲೆ ಒಂದು ಬೂದುಬಿಳಿ ಪದರ ಸಿಗುತ್ತದೆ. ನೋಡಲು ಕಲ್ಲಿನಂತೆಯೇ ಗೆರೆಗೆರೆಯಾಗಿರುತ್ತದೆ, ಆದರೆ ಒಂದು ಹೆಂಟೆ ಕೈಗೆತ್ತಿಕೊಂಡು ಒತ್ತಿದರೆ ಪುಡಿಯಾಗುತ್ತದೆ. ಅಂಗೈಯಲ್ಲಿ ಅಭ್ರಕದ ಹೊಳಪು ಚೂರುಗಳೂ ಬೆಣಚುಕಲ್ಲಿನ ಹರಳೂ ಉಳಿಯುತ್ತವೆ. ಆ ಹರಳುಗಳ ಸಂದಿನಲ್ಲಿ ನೀರು ನಿಲ್ಲುತ್ತದೆ. ಈ ಪದರ ಕೆಲವೆಡೆ ನೂರು ಅಡಿಗೂ ಹೆಚ್ಚು ದಪ್ಪ, ಕೆಲವೆಡೆ ಬಂಡೆ ನೆಲದ ಮೇಲೇ ಕಾಣುತ್ತದೆ.

ಎರಡನೆಯದು ಆಳದ ಗಟ್ಟಿ ಕಲ್ಲಿನ ಬಿರುಕುಗಳು. ಬೋರ್ ಕೊರೆಯುವವರು ಇದನ್ನೇ ‘ಗ್ಯಾಪ್ ಸಿಕ್ತು’ ಎನ್ನುವುದು. ಬಿರುಕು ದೊಡ್ಡದಿದ್ದರೆ ನೀರು ಚಿಮ್ಮುತ್ತದೆ, ಆದರೆ ಬಿರುಕಿನಲ್ಲಿ ಹಿಡಿಯುವ ನೀರು ಬಹಳ ಕಡಿಮೆ. ಅದಕ್ಕೆ ಮೇಲಿನ ಕೊಳೆತ ಕಲ್ಲಿನಿಂದ ನೀರು ಇಳಿಯುತ್ತಾ ಇರಬೇಕು. ಮೇಲ್ಪದರ ಒಣಗಿದ ಮೇಲೆ ಕೆಳಗಿನ ಬಿರುಕು ಎಷ್ಟು ದಿನ ತಾನೇ ಕೊಟ್ಟೀತು?

ಪಕ್ಕದ ಮನೆಯವರಿಗೆ 300 ಅಡಿಗೆ ನೀರು ಬಂತು. ನಮಗೆ 1,200 ಅಡಿ ಹೋದ್ರೂ ಬರೀ ಧೂಳು. ಯಾಕೆ?

ಅವರ ಬೋರು ಒಂದು ಬಿರುಕಿಗೆ ತಾಗಿತು, ನಿಮ್ಮದು ತಾಗಲಿಲ್ಲ. ಆಳಕ್ಕೆ ಹೋದಷ್ಟೂ ಮೇಲಿನ ಕಲ್ಲಿನ ಭಾರಕ್ಕೆ ಬಿರುಕುಗಳು ಮುಚ್ಚಿಕೊಳ್ಳುತ್ತವೆ, ವಿರಳವಾಗುತ್ತವೆ. ಹಾಗಾಗಿ ‘ಇನ್ನೂ ಇನ್ನೂರು ಅಡಿ ಹೊಡೆಸಿ ನೋಡೋಣ ಸಾರ್’ ಎಂಬ ಮಾತಿಗೆ ಒಪ್ಪುವ ಮುನ್ನ ಹತ್ತು ಸಲ ಯೋಚಿಸಿ. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿ ಪಾಯಿಂಟ್ ತೋರಿಸುವ ಪದ್ಧತಿ, ಎಚ್ಚರದಿಂದ ನಡೆಸಿದ ಪರೀಕ್ಷೆಗಳಲ್ಲಿ ಆಕಸ್ಮಿಕಕ್ಕಿಂತ ಹೆಚ್ಚಿನ ಫಲ ಕೊಟ್ಟಿಲ್ಲ. ನೆಲಕ್ಕೆ ವಿದ್ಯುತ್ ಹಾಯಿಸಿ ಅದರ ತಡೆಯನ್ನು ಅಳೆಯುವ ಸಮೀಕ್ಷೆ ಅದಕ್ಕಿಂತ ಎಷ್ಟೋ ಮೇಲು. ಆದರೆ ಅದೂ ತೋರಿಸುವುದು ಸಾಧ್ಯತೆಯನ್ನು ಮಾತ್ರ.

ನಗರದ ಮಧ್ಯೆ ನೀರು ಮೇಲಿದೆಯಂತೆ, ಹೊರವಲಯದಲ್ಲಿ ಪಾತಾಳಕ್ಕೆ ಹೋಗಿದೆಯಂತೆ. ಇದು ನಿಜಾನಾ?

ನಿಜ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಂ. ಶೇಖರ್ ಮತ್ತು ಅವರ ಜೊತೆಗಾರರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ನಗರದ ಉದ್ದಗಲಕ್ಕೆ ನೂರೈವತ್ತಕ್ಕೂ ಹೆಚ್ಚು ಬಾವಿಗಳಲ್ಲಿ ಮಟ್ಟ ಅಳೆದು ಮಾಡಿದ ಕೆಲಸವದು. ಸಹಜವಾಗಿ ದಿಬ್ಬದಲ್ಲಿ ನೀರು ಆಳದಲ್ಲಿರಬೇಕು, ಕಣಿವೆಯಲ್ಲಿ ಮೇಲಿರಬೇಕು. ಬೆಂಗಳೂರಿನಲ್ಲಿ ಆ ಲೆಕ್ಕ ತಪ್ಪಿದೆ. ಇಲ್ಲಿ ಮಟ್ಟವನ್ನು ನಿರ್ಧರಿಸುವುದು ನೆಲದ ಏರಿಳಿತವಲ್ಲ, ಕೊಳಾಯಿ. ಕಾವೇರಿ ನೀರು ಬರುವ ಹಳೆಯ ಬಡಾವಣೆಗಳಲ್ಲಿ ಬೋರ್‌ವೆಲ್ ಬಳಕೆ ಕಡಿಮೆ, ಜೊತೆಗೆ ಪೈಪುಗಳಲ್ಲಿ ಸೋರಿದ ನೀರು ನೆಲಕ್ಕೆ ಇಳಿಯುತ್ತದೆ. ಕೊಳಾಯಿ ತಡವಾಗಿ ತಲುಪಿದ ಹೊರವಲಯ ನೆಲದಡಿಯ ನೀರನ್ನೇ ನಂಬಿ ಬೆಳೆಯಿತು, ಹೀರುತ್ತಲೇ ಹೋಯಿತು.

ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿ ನಮ್ಮ ನೆಲಕ್ಕೆ ಸೋರಿ ಅಂತರ್ಜಲವಾಗುತ್ತಿದೆ. ಇದರಲ್ಲಿ ಸಮಾಧಾನಪಡುವಂಥದ್ದು ಏನೂ ಇಲ್ಲ. ಸೋರುವುದು ಕಾವೇರಿ ಒಂದೇ ಅಲ್ಲ, ಒಳಚರಂಡಿಯೂ ಸೋರುತ್ತದೆ. ಹಾಗಾಗಿ ಹಳೆಯ ಬಡಾವಣೆಯ ಬಾವಿಯಲ್ಲಿ ನೀರು ಮೇಲಿದೆ ಎಂಬ ಒಂದೇ ಕಾರಣಕ್ಕೆ ಕುಡಿಯಬೇಡಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂಬುದು ಭಾರತೀಯ ಮಾನಕ. ಪರೀಕ್ಷೆ ಮಾಡಿಸಿ.

2024ರಲ್ಲಿ ಅಷ್ಟು ಕಷ್ಟ ಆಯ್ತಲ್ಲ, ಈಗ ಕಾವೇರಿ ಐದನೇ ಹಂತ ಬಂದಿದೆ. ಇನ್ನು ತೊಂದರೆ ಇಲ್ಲ ತಾನೇ?

ಆ ಬೇಸಿಗೆಯಲ್ಲಿ ನಗರದ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂಬ ಆದೇಶ ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಗಿ, ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ತರುವ ವ್ಯವಸ್ಥೆ ಸಿದ್ಧವಾಯಿತು. ಮುಖ್ಯವಾಗಿ ನಗರಕ್ಕೆ ಸೇರಿಸಿಕೊಂಡ ಹೊರವಲಯದ 110 ಹಳ್ಳಿಗಳ ಪ್ರದೇಶಕ್ಕೆಂದೇ ಮಾಡಿದ್ದು. ದೊಡ್ಡ ನೆಮ್ಮದಿಯೇ. ಆದರೂ 2025ರ ಆರಂಭದಲ್ಲಿ ಜಲಮಂಡಳಿಗಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಮಾಡಿದ ಮುನ್ನಂದಾಜು 80 ವಾರ್ಡ್‌ಗಳನ್ನು ಅಂತರ್ಜಲಕ್ಕೆ ಅತಿಯಾಗಿ ಜೋತುಬಿದ್ದ ವಾರ್ಡ್‌ಗಳೆಂದು ಗುರುತಿಸಿತು. ಕೊಳಾಯಿ ಬಂದ ಕಡೆ ಬೋರ್‌ವೆಲ್ ನಿಲ್ಲಿಸಿದರೆ ಮಾತ್ರ ನೆಲಕ್ಕೆ ಉಸಿರಾಡಲು ಬಿಡುವು ಸಿಗುತ್ತದೆ.

ಒಂದು ಜೋರು ಮಳೆ ಬಂದ್ರೆ ಬೋರ್‌ವೆಲ್ ತುಂಬಲ್ವಾ?

2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ನೂರಕ್ಕೂ ಹೆಚ್ಚು ವರ್ಷದ ದಾಖಲೆ. ಸಾವಿರ ಚದರಡಿಯ ತಾರಸಿಯ ಮೇಲೆ ಅಷ್ಟು ಮಳೆ ಬಿದ್ದರೆ ಹತ್ತು ಸಾವಿರ ಲೀಟರ್‌ಗೂ ಹೆಚ್ಚು ನೀರು, ಅಂದರೆ ಎರಡು ಟ್ಯಾಂಕರ್‌ನಷ್ಟು. ಬಹುಪಾಲು ಮನೆಗಳಲ್ಲಿ ಅದೆಲ್ಲ ರಸ್ತೆಗಿಳಿದು, ಚರಂಡಿ ಸೇರಿ, ರಾಜಕಾಲುವೆ ಹಿಡಿದು ಹೋಯಿತು.

ನೆಲ ತೆರೆದಿದ್ದರೂ ಎಲ್ಲ ಮಳೆಯೂ ಅಂತರ್ಜಲವಾಗುವುದಿಲ್ಲ. ನಮ್ಮಂಥ ಗಟ್ಟಿ ಕಲ್ಲಿನ ನಾಡಿನಲ್ಲಿ ವರ್ಷದ ಮಳೆಯ ಹತ್ತರಲ್ಲೊಂದು ಪಾಲು ತಾನಾಗಿ ಇಂಗಿದರೆ ಅದೇ ಹೆಚ್ಚು. ಮೊದಲು ಮಣ್ಣಿನ ಬಾಯಾರಿಕೆ ತೀರಬೇಕು. ನಂತರ ಬೇರುಗಳ ಪಾಲು. ಅದನ್ನೂ ದಾಟಿ ಕೆಳಗಿಳಿದದ್ದೇ ಅಂತರ್ಜಲ.

ಕೊಳೆತ ಕಲ್ಲಿನಲ್ಲಿ ಬಿಟ್ಟುಕೊಡುವ ನೀರಿನ ಪ್ರಮಾಣ ಒಟ್ಟು ಗಾತ್ರದ ನೂರಕ್ಕೆ ಎರಡರಷ್ಟು ಎಂದಿಟ್ಟುಕೊಳ್ಳಿ. ಆಗ ಬರೀ 20 ಮಿಲಿಮೀಟರ್ ನೀರು ಇಂಗಿದರೂ ಮಟ್ಟ ಒಂದು ಮೀಟರ್ ಏರುತ್ತದೆ. 20 ಮಿಲಿಮೀಟರ್‌ನಷ್ಟು ಹೊರತೆಗೆದರೆ ಅಷ್ಟೇ ಇಳಿಯುತ್ತದೆ. ಮಳೆಗಾಲದಲ್ಲಿ ಬಾವಿ ದಡಬಡ ತುಂಬಿ, ಫೆಬ್ರವರಿಗೆ ತಳ ಕಾಣುವುದು ಈ ಕಾರಣಕ್ಕೆ. ಗಂಗಾ ಬಯಲಿನ ಮರಳು ಮೆಕ್ಕಲಿನ ಹಾಗೆ ನಮ್ಮ ನೆಲಕ್ಕೆ ದೊಡ್ಡ ಉಳಿತಾಯವಿಲ್ಲ. ಪ್ರತಿ ಮಳೆಗಾಲದಲ್ಲೂ ದುಡಿದು ತರಬೇಕು.

ಇಂಗುಬಾವಿ ಎಷ್ಟು ಆಳ ಇರ್ಬೇಕು? ಮಳೆನೀರನ್ನ ನೇರ ಬೋರ್‌ವೆಲ್‌ಗೆ ಬಿಡಬಹುದಾ?

ನೇರ ಬೋರ್‌ವೆಲ್‌ಗೆ ಬಿಡಲೇಬೇಡಿ. ತಾರಸಿಯ ಪಾರಿವಾಳದ ಹಿಕ್ಕೆ, ಅಂಗಳದ ಎಣ್ಣೆ, ರಸ್ತೆಯ ಕೊಳೆ ಎಲ್ಲವೂ ಯಾವ ಸೋಸುವಿಕೆಯೂ ಇಲ್ಲದೆ ಆಳದ ಬಿರುಕಿಗೆ ಸೇರುತ್ತವೆ. ಒಮ್ಮೆ ಸೇರಿದರೆ ತೆಗೆಯುವ ದಾರಿಯಿಲ್ಲ, ಅದು ನಿಮ್ಮ ಒಬ್ಬರ ಬಿರುಕೂ ಅಲ್ಲ.

ಇಂಗುಬಾವಿ ಹೆಚ್ಚು ಕ್ಷೇಮ. ನಗರದಲ್ಲಿ ಸಾಮಾನ್ಯವಾಗಿ ಮೂರು ಅಡಿ ಅಗಲ, ಇಪ್ಪತ್ತು ಅಡಿ ಆಳಕ್ಕೆ ತೋಡಿ ಸಿಮೆಂಟ್ ಉಂಗುರ ಇಳಿಸುತ್ತಾರೆ. ಉಂಗುರಗಳ ಸಂದಿಗೆ ಗಾರೆ ಹಾಕಬಾರದು, ತಳ ಮುಚ್ಚಬಾರದು. ಅಷ್ಟು ಗಾತ್ರದ ಬಾವಿಯಲ್ಲಿ ಒಮ್ಮೆಗೆ ಸುಮಾರು 4,000 ಲೀಟರ್ ನಿಲ್ಲುತ್ತದೆ, ನಿಂತದ್ದು ಪಕ್ಕದಿಂದಲೂ ತಳದಿಂದಲೂ ಇಳಿಯುತ್ತಾ ಹೋಗುತ್ತದೆ. ವರ್ಷಕ್ಕೆ ಸುಮಾರು 1,000 ಮಿಲಿಮೀಟರ್ ಮಳೆಯಾಗುವ ಊರಿನಲ್ಲಿ ಸಾವಿರ ಚದರಡಿ ತಾರಸಿಗೆ 90 ಸಾವಿರ ಲೀಟರ್‌ನಷ್ಟು ನೀರು ಬೀಳುತ್ತದೆ. ಮೊದಲ ಮಳೆಯ ಕೊಳಕು ನೀರನ್ನು ಹೊರಬಿಟ್ಟು, ಉಳಿದದ್ದನ್ನು ಸೋಸಿ ಮೊದಲು ಸಂಪಿಗೆ ತುಂಬಿಸಿ, ಸಂಪು ತುಂಬಿ ಹೆಚ್ಚಾದದ್ದನ್ನು ಇಂಗುಬಾವಿಗೆ ಬಿಡಿ. ಪ್ರತಿ ವರ್ಷ ಹೂಳು ತೆಗೆಸಿ.

ಈ ಕೆಲಸಕ್ಕೆ ಮಣ್ಣು ವಡ್ಡರನ್ನು ಕರೆಸಿ. ಬೆಂಗಳೂರಿನ ಸುತ್ತ ತಲೆಮಾರುಗಳಿಂದ ಬಾವಿ ತೋಡಿಕೊಂಡು ಬಂದ ಜನ. ಮಣ್ಣಿನ ಬಣ್ಣ, ಜಿಗುಟು ನೋಡಿ ಎಲ್ಲಿ ನೀರು ಇಂಗುತ್ತದೆ, ಎಲ್ಲಿ ಜೇಡಿ ಅಡ್ಡ ಬರುತ್ತದೆ ಎಂದು ಹೇಳಬಲ್ಲ ಅನುಭವ ಅವರದು. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳಿಗೆ ಮತ್ತೆ ಜೀವ ಬಂದದ್ದೂ, ಅಲ್ಲಿ ಹೊಸ ಇಂಗುಬಾವಿಗಳು ಬಂದದ್ದೂ ಅವರ ಕೈಯಿಂದಲೇ. ಖುದ್ದಾಗಿ ನೋಡಿ ಕಲಿಯಬೇಕೆಂದರೆ ಜಯನಗರ ಐದನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನ ಇದೆ.

ಆಳದ ಬೋರ್‌ವೆಲ್ ನೀರು ಬೆಚ್ಚಗಿರುತ್ತಲ್ಲ, ಯಾಕೆ?

ನೆಲದ ಮೇಲಿನ ಹಗಲು ಇರುಳಿನ ಬಿಸಿ ತಂಪು ಅರ್ಧದಿಂದ ಒಂದು ಮೀಟರ್ ಆಳದಲ್ಲೇ ಅಡಗಿಬಿಡುತ್ತದೆ. ಬೇಸಿಗೆ ಚಳಿಗಾಲದ ವ್ಯತ್ಯಾಸ ಹತ್ತು ಹದಿನೈದು ಮೀಟರ್ ಕೆಳಗೆ ಗೊತ್ತೇ ಆಗುವುದಿಲ್ಲ. ಆ ಆಳದಲ್ಲಿ ಉಷ್ಣಾಂಶ ಊರಿನ ವಾರ್ಷಿಕ ಸರಾಸರಿಯ ಆಸುಪಾಸಿನಲ್ಲಿ ನಿಂತುಬಿಡುತ್ತದೆ, ನಮ್ಮಲ್ಲಿ ಸುಮಾರು 24 ಡಿಗ್ರಿ. ತೆರೆದ ಬಾವಿಯ ನೀರು ಏಪ್ರಿಲ್‌ನಲ್ಲಿ ತಣ್ಣಗೂ, ಡಿಸೆಂಬರ್ ಬೆಳಗಿನಲ್ಲಿ ಬೆಚ್ಚಗೂ ಅನ್ನಿಸುವುದು ಅದಕ್ಕೇ. ಬದಲಾಗಿರುವುದು ನಮ್ಮ ಮೈ ಸುತ್ತಲಿನ ಗಾಳಿ, ನೀರಲ್ಲ.

ಇನ್ನೂ ಕೆಳಗೆ ಹೋದರೆ ಭೂಗರ್ಭದ ಶಾಖ ಮೇಲೇರಿ ಬರುತ್ತಿರುತ್ತದೆ. ಜಗತ್ತಿನ ಸಾಮಾನ್ಯ ಲೆಕ್ಕ ಕಿಲೋಮೀಟರಿಗೆ 25ರಿಂದ 30 ಡಿಗ್ರಿ. ನಮ್ಮ ಕಾಲಡಿಯ ಕಲ್ಲಿನ ನೆಲ ತೀರಾ ಹಳೆಯದು, ತಣಿದದ್ದು, ಹಾಗಾಗಿ ಏರಿಕೆ ಅದಕ್ಕಿಂತ ಕಡಿಮೆ. ಮೂರು ಕಿಲೋಮೀಟರ್ ಆಳ ಮುಟ್ಟಿದ ಕೋಲಾರದ ಚಿನ್ನದ ಗಣಿಗಳಲ್ಲಿ ಅಷ್ಟು ಕೆಳಗೆ ಮನುಷ್ಯರು ಕೆಲಸ ಮಾಡಲು ಸಾಧ್ಯವಾದದ್ದಕ್ಕೆ ಇದೂ ಒಂದು ಕಾರಣ, ಆದರೂ ಅಲ್ಲಿಗೆ ತಂಪು ಗಾಳಿ ಹಾಯಿಸಲೇಬೇಕಿತ್ತು. 1,500 ಅಡಿಯ ಬೋರ್‌ವೆಲ್‌ನಲ್ಲಿ ನೀರು ಬೆಚ್ಚಗೆ ಬಂದರೆ ಗಾಬರಿ ಬೇಡ. ಆದರೆ ಅಷ್ಟು ಆಳದ ನೀರು ಬಹುಕಾಲ ಕಲ್ಲಿನ ಜೊತೆಗಿದ್ದು ಬಂದಿರುತ್ತದೆ, ಕಲ್ಲಿನ ಫ್ಲೋರೈಡ್ ಅದರಲ್ಲಿ ಕರಗಿರಬಹುದು. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ಬಳಸಬಾರದು.

ಅಂತರ್ಜಲವೂ ಬಿಸಿಯಾಗ್ತಿದೆಯಂತೆ. ಹೌದಾ?

ಹೌದು. ನನ್ನ ಮಟ್ಟಿಗೆ ಇತ್ತೀಚಿನ ಸಂಶೋಧನೆಗಳಲ್ಲಿ ನಮ್ಮ ಊರಿನಲ್ಲಿ ಅತಿ ಕಡಿಮೆ ಚರ್ಚೆಯಾಗಿರುವುದು ಇದೇ. 2024ರಲ್ಲಿ ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಸುಸಾನೆ ಬೆಂಜ್ ಮತ್ತು ಸಂಗಡಿಗರು ಜಗತ್ತಿನ ಮೇಲ್ಮಟ್ಟದ ಅಂತರ್ಜಲದ ಉಷ್ಣಾಂಶವನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಇಂಗಾಲದ ಹೊರಸೂಸುವಿಕೆ ಮಧ್ಯಮ ಮಟ್ಟದಲ್ಲಿದ್ದರೆ 2000ದಿಂದ 2100ರೊಳಗೆ ಸರಾಸರಿ 2.1 ಡಿಗ್ರಿ ಏರಿಕೆ, ಹತೋಟಿಯೇ ತಪ್ಪಿದರೆ 3.5 ಡಿಗ್ರಿ. ಗಾಳಿ ಬಿಸಿಯಾದರೆ ಮಳೆ ಬಂದು ತಣಿಸಬಹುದು. ನೆಲಕ್ಕೆ ಇಳಿದ ಶಾಖ ಅಷ್ಟು ಬೇಗ ಹೊರಬರುವುದಿಲ್ಲ. ಬಿಸಿ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆ, ಸೂಕ್ಷ್ಮಜೀವಿಗಳ ಬೆಳವಣಿಗೆ ಹೆಚ್ಚು. ಆರ್ಸೆನಿಕ್, ಮ್ಯಾಂಗನೀಸ್‌ನಂಥವು ಕಲ್ಲುಮಣ್ಣಿನಿಂದ ಬಿಟ್ಟುಕೊಳ್ಳುವ ರೀತಿಯೂ ಬದಲಾಗುತ್ತದೆ.

ನಗರಗಳಲ್ಲಿ ಇದರ ಮೇಲೆ ಇನ್ನೊಂದು ಭಾರ ಇದೆ. ನೆಲಮಾಳಿಗೆ, ಸುರಂಗ, ಒಳಚರಂಡಿ, ಡಾಂಬರು ಎಲ್ಲವೂ ಕೆಳಗೆ ಶಾಖ ಇಳಿಸುತ್ತವೆ. ಜರ್ಮನಿಯ ನಗರಗಳಲ್ಲಿ ಇದನ್ನು ವರ್ಷಗಟ್ಟಲೆ ಅಳೆದಿದ್ದಾರೆ. ಷಿಕಾಗೊದಲ್ಲಿ 150ಕ್ಕೂ ಹೆಚ್ಚು ಸಂವೇದಕಗಳನ್ನಿಟ್ಟು ಮಾಡಿದ ಅಧ್ಯಯನ 2023ರಲ್ಲಿ ಬಂತು. ನಗರದ ನಟ್ಟನಡುವಿನ ನೆಲ ಉದ್ಯಾನದಡಿಯ ನೆಲಕ್ಕಿಂತ ಎಷ್ಟೋ ಬಿಸಿಯಾಗಿತ್ತು, ಆ ಶಾಖಕ್ಕೆ ಜೇಡಿಮಣ್ಣು ಹಿಗ್ಗಿ ಕುಗ್ಗಿ ಅಡಿಪಾಯಗಳು ಮಿಲಿಮೀಟರ್‌ಗಳಷ್ಟು ಸರಿಯಬಲ್ಲವು ಎಂದು ಅದು ತೋರಿಸಿತು. ನಮ್ಮದು ಷಿಕಾಗೊದ ಜೇಡಿ ನೆಲವಲ್ಲ, ಆ ಅಂಕಿಗಳನ್ನು ಹಾಗೇ ಇಲ್ಲಿಗೆ ತರಬಾರದು. ಆದರೆ ಮೆಟ್ರೋ ಸುರಂಗ, ಮೂರು ಅಂತಸ್ತಿನ ನೆಲಮಾಳಿಗೆಗಳು ಹೆಚ್ಚುತ್ತಿರುವ ಊರಿನಲ್ಲಿ ಬಾವಿಗಳ ಮಟ್ಟದ ಜೊತೆಗೆ ಉಷ್ಣಾಂಶವನ್ನೂ ಬರೆದಿಡುವುದು ಈಗಲೇ ಶುರುವಾಗಬೇಕು.

ಉಷ್ಣಾಂಶ ಅಳೆದರೆ ನೀರಿನ ಬಗ್ಗೆ ಏನು ಗೊತ್ತಾಗುತ್ತೆ?

ಬಹಳ ಗೊತ್ತಾಗುತ್ತದೆ. ನೀರು ಹರಿಯುವಾಗ ಶಾಖವನ್ನೂ ಹೊತ್ತೊಯ್ಯುತ್ತದೆ. ಮಳೆನೀರು ಕೆಳಗಿಳಿಯುತ್ತಿರುವ ಜಾಗದಲ್ಲಿ ಆಳಕ್ಕೆ ತಕ್ಕಂತೆ ಉಷ್ಣಾಂಶ ಬರೆದರೆ ಗೆರೆ ಒಂದು ಕಡೆ ಬಾಗುತ್ತದೆ, ನೀರು ಮೇಲೇಳುತ್ತಿರುವ ಜಾಗದಲ್ಲಿ ಇನ್ನೊಂದು ಕಡೆ. ಆ ಬಾಗಿನಿಂದ ಹರಿವಿನ ವೇಗ ಲೆಕ್ಕ ಹಾಕುವ ಸೂತ್ರವನ್ನು ಬ್ರೆಡೆಹಾಫ್ಟ್ ಮತ್ತು ಪಾಪಡೋಪುಲೋಸ್ 1965ರಲ್ಲೇ ಕೊಟ್ಟರು. ಬಣ್ಣ, ಉಪ್ಪು ಏನೂ ಬೆರೆಸದೆ, ನೆಲದಲ್ಲಿ ಮೊದಲೇ ಇರುವ ಶಾಖವನ್ನೇ ಗುರುತಾಗಿ ಬಳಸಬಹುದು. ಈಗ ಅಗ್ಗದ ಸಂವೇದಕಗಳು ಬಂದು ಈ ವಿಧಾನ ಮತ್ತೆ ಚಾಲ್ತಿಗೆ ಬಂದಿದೆ. ಕೆರೆಯ ತಳದಲ್ಲಿ ಎಲ್ಲಿ ನೀರು ಇಂಗುತ್ತಿದೆ, ಎಲ್ಲಿ ಹೂಳು ಕಟ್ಟಿ ನಿಂತಿದೆ ಎಂದು ಹೀಗೆ ಹುಡುಕಬಹುದು.

ಒಂದು ಮರ ನಿಜವಾಗಿ ಎಷ್ಟು ತಂಪು ಮಾಡುತ್ತೆ?

ಇದಕ್ಕೆ ಬೆಂಗಳೂರಿನ ರಸ್ತೆಗಳಲ್ಲೇ ಅಳೆದ ಉತ್ತರ ಇದೆ. ಲಯೊನೆಲ್ ಸುಜಯ್ ವೈಲ್ಶೆರಿ, ಮಧುಮಿತಾ ಜಗನ್ಮೋಹನ್ ಮತ್ತು ಹರಿಣಿ ನಾಗೇಂದ್ರ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮರವಿರುವ ಮತ್ತು ಮರವಿಲ್ಲದ ರಸ್ತೆಭಾಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಮಧ್ಯಾಹ್ನದ ಗಾಳಿಯ ಉಷ್ಣಾಂಶದಲ್ಲಿ 5.6 ಡಿಗ್ರಿವರೆಗೆ ವ್ಯತ್ಯಾಸ, ಡಾಂಬರಿನ ಮೈಯಲ್ಲಿ 27.5 ಡಿಗ್ರಿವರೆಗೆ. ಬರಿಗಾಲಲ್ಲಿ ತರಕಾರಿ ಗಾಡಿ ತಳ್ಳುವವರಿಗೆ, ಫುಟ್‌ಪಾತಿನಲ್ಲಿ ಕೂತು ಹೂ ಕಟ್ಟುವವರಿಗೆ ಈ 27 ಡಿಗ್ರಿ ಏನೆಂದು ನಾವು ಹೇಳಿಕೊಡಬೇಕಿಲ್ಲ.

ತಂಪಿಗೆ ಎರಡು ಕಾರಣ. ಒಂದು ನೆರಳು. ಇನ್ನೊಂದು ಎಲೆಗಳಿಂದ ಆವಿಯಾಗುವ ನೀರು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬೇಕು. ಒಂದು ಮರ ದಿನಕ್ಕೆ 100 ಲೀಟರ್ ಆವಿಯಾಗಿಸಿದರೆ 68 ಯೂನಿಟ್‌ನಷ್ಟು ಶಾಖವನ್ನು ಸುತ್ತಲಿನ ಗಾಳಿಯಿಂದಲೂ ಬಿಸಿಲಿನಿಂದಲೂ ಎಳೆದುಕೊಂಡಿತು. ಒಂದು ಟನ್ ಎಸಿ ಅಷ್ಟು ಶಾಖ ತೆಗೆಯಬೇಕೆಂದರೆ ಸುಮಾರು 19 ಗಂಟೆ ಓಡಬೇಕು, ತೆಗೆದದ್ದನ್ನು ಬೀದಿಗೇ ಉಗುಳುತ್ತದೆ.

ಆದರೆ ಬೇರಿಗೆ ನೀರು ಸಿಕ್ಕರೆ ಮಾತ್ರ ಇದೆಲ್ಲ. ಮಣ್ಣು ಒಣಗಿದಾಗ ಮರ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ನೀರು ಉಳಿಸಿಕೊಳ್ಳುತ್ತದೆ. ಆಗ ಉಳಿಯುವುದು ಬರೀ ನೆರಳು. ಬುಡದವರೆಗೂ ಕಾಂಕ್ರೀಟ್ ಬಿಗಿದ ಮರ ಮಳೆಗಾಲದಲ್ಲೂ ಬಾಯಾರಿಕೊಂಡೇ ನಿಂತಿರುತ್ತದೆ. ಇನ್ನು ಬರಿಯ ಮಣ್ಣಿನ ಮಾತು. ಒಣ ಮಣ್ಣಿಗಿಂತ ಒದ್ದೆ ಮಣ್ಣು ಸುಮಾರು ಐದು ಪಟ್ಟು ಚೆನ್ನಾಗಿ ಶಾಖವನ್ನು ಒಳಕ್ಕೆ ಸಾಗಿಸುತ್ತದೆ, ಜೊತೆಗೆ ತಾನೂ ಆವಿ ಬಿಡುತ್ತದೆ. ಒಣ ಮಣ್ಣಿನ ಮೈ ಮಾತ್ರ ಕಾದು, ಆ ಕಾವು ಗಾಳಿಗೇ ಮರಳುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಲೆಕ್ಕದಂತೆ 1970ರ ದಶಕದಿಂದೀಚೆಗೆ ನಗರದ ಹಸಿರು ಶೇ 88ರಷ್ಟು, ಜಲಮೂಲಗಳ ಹರವು ಶೇ 79ರಷ್ಟು ಕುಗ್ಗಿದೆ. ಈ ಅಂಕಿಗಳನ್ನು ಬಿಟ್ಟು ಬರೀ ಥರ್ಮಾಮೀಟರ್ ನೋಡಿದರೆ ಸೆಕೆ ಅರ್ಥವಾಗುವುದಿಲ್ಲ.

ಹಾಗಾದ್ರೆ ಮರಗಳೇ ಅಂತರ್ಜಲ ಕುಡಿದುಬಿಡಲ್ವಾ?

ಯಾವ ಮರ, ಎಷ್ಟು ಒತ್ತಾಗಿ, ಎಲ್ಲಿ ಎಂಬುದರ ಮೇಲಿದೆ. ನೀಲಗಿರಿಯ ಬಗ್ಗೆ ರೈತರು ಹೇಳುತ್ತಾ ಬಂದ ಮಾತಿಗೆ ಪುರಾವೆ ಸಿಕ್ಕದ್ದು ಹೊಸಕೋಟೆಯಲ್ಲೇ. ಇಯಾನ್ ಕ್ಯಾಲ್ಡರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಅಲ್ಲಿನ ನೀಲಗಿರಿ ತೋಪು ಬಿದ್ದ ಮಳೆಗಿಂತ ಹೆಚ್ಚು ನೀರು ಬಳಸಿದ್ದು ಕಂಡಿತು. ಬೇರುಗಳು ವರ್ಷವರ್ಷವೂ ಇನ್ನೂ ಕೆಳಗಿನ ಮಣ್ಣಿನ ತೇವ ಹುಡುಕಿ ಇಳಿಯುತ್ತಿದ್ದವು. 2015ರಲ್ಲಿ ವೀಣಾ ಶ್ರೀನಿವಾಸನ್ ಮತ್ತು ಸಹ ಸಂಶೋಧಕರು ಅರ್ಕಾವತಿ ನದಿ ಏಕೆ ಬತ್ತಿತು ಎಂದು ಒಂದೊಂದೇ ಕಾರಣ ಪರೀಕ್ಷಿಸಿದರು. 1933ರಲ್ಲಿ ಬೆಂಗಳೂರಿಗೆ ನೀರು ಕೊಡಲೆಂದೇ ಆ ನದಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಒಳಹರಿವು ನಿಂತದ್ದಕ್ಕೆ ಮಳೆಯ ಕೊರತೆ ಕಾರಣವಲ್ಲ, ಬೋರ್‌ವೆಲ್‌ಗಳೂ ನೀಲಗಿರಿಯೂ ಮುಖ್ಯ ಕಾರಣ ಎಂಬುದು ಅವರ ತೀರ್ಮಾನ. ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ 2017ರಲ್ಲಿ ನಿಷೇಧಿಸಿತು.

ಸಹಜ ಕಾಡಿನ ಮರವೂ ಆಳಕ್ಕೆ ಬೇರು ಬಿಡುತ್ತದೆ. ಬಂಡೀಪುರದ ಮೂಲೆಹೊಳೆಯಲ್ಲಿ ಭಾರತ–ಫ್ರಾನ್ಸ್ ಜಲವಿಜ್ಞಾನ ತಂಡದ ದೀರ್ಘಕಾಲದ ಮಾಪನಗಳು ಅದನ್ನು ತೋರಿಸಿವೆ. ಒಳ್ಳೆ ಮಳೆಯ ವರ್ಷ ಆಳದ ಕೊಳೆತ ಕಲ್ಲಿನಲ್ಲಿ ಉಳಿದ ತೇವವನ್ನು ಕಾಡು ಬರದ ವರ್ಷ ಬಳಸಿಕೊಳ್ಳುತ್ತದೆ. ಅಲ್ಲಿ ಕಾಡು ಎಲೆ ಉದುರಿಸುತ್ತದೆ, ಮಣ್ಣು ಮುಚ್ಚುತ್ತದೆ, ಮಳೆನೀರು ಓಡದಂತೆ ಹಿಡಿಯುತ್ತದೆ. ಬೀದಿಬದಿಯ ಹೊಂಗೆಗೂ ಎಕರೆಗಟ್ಟಲೆ ನೀಲಗಿರಿಗೂ ಒಂದೇ ತೀರ್ಪು ಕೊಡುವುದು ಅನ್ಯಾಯ.

ಬೇರಿಗೆ ನೀರು ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?

ಬೇರಿನ ಒಂದು ಪಕ್ಕಕ್ಕೆ ತೇವ, ಇನ್ನೊಂದು ಪಕ್ಕಕ್ಕೆ ಗಾಳಿಯ ಸಂದು ಇದ್ದರೆ, ಕವಲು ಹೊರಡುವುದು ತೇವದ ಕಡೆಗೇ ಎಂದು 2014ರ ಅಧ್ಯಯನವೊಂದು ತೋರಿಸಿತು. ಬೇರಿನ ತುದಿ ತೇವದ ಸಂಪರ್ಕ ಕಳೆದುಕೊಂಡಾಗ ಕವಲೊಡೆಯುವುದನ್ನೇ ನಿಲ್ಲಿಸಿ, ತೇವ ಸಿಕ್ಕ ಮೇಲೆ ಮತ್ತೆ ಶುರು ಮಾಡುತ್ತದೆ. ಇದನ್ನು ನಡೆಸುವುದು ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು, ಅದು ಸಾಗುವುದು ಗಿಡದೊಳಗಿನ ನೀರಿನ ಹರಿವಿನ ಜೊತೆಗೆ ಎಂದು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ನೀರಿನ ಹರಿವೇ ಸುದ್ದಿಯನ್ನೂ ಒಯ್ಯುತ್ತದೆ ಎಂಬುದು ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ಸಂಗತಿ.

ರಾಗಿ ಜೊತೆ ತೊಗರಿ ಹಾಕೋದಕ್ಕೂ ಅಂತರ್ಜಲಕ್ಕೂ ಸಂಬಂಧ ಇದೆಯಾ?

ಸಂಬಂಧ ಇರುವುದು ಮಣ್ಣಿನ ಆಳದ ತೇವಕ್ಕೆ. ನಮ್ಮ ಕಡೆ ರಾಗಿ ಹೊಲದಲ್ಲಿ ತೊಗರಿ ಅಕ್ಕಡಿ ಸಾಲು ಹಾಕುವುದು ಹಳೆಯ ಪದ್ಧತಿ. ರಾಗಿಯ ಬೇರು ಮೇಲೆಯೇ ಹರಡುತ್ತದೆ, ತೊಗರಿಯದು ಆಳಕ್ಕಿಳಿಯುತ್ತದೆ. ರಾತ್ರಿ ಎಲೆಯ ರಂಧ್ರಗಳು ಮುಚ್ಚಿದಾಗ ತೊಗರಿಯ ಬೇರಿನ ಮೂಲಕ ಆಳದ ನೀರು ಮೇಲೆ ಬಂದು ಒಣ ಮಣ್ಣಿಗೆ ಸೋರುತ್ತದೆ. ಅಲ್ಲಿಂದ ರಾಗಿಗೆ ತಲುಪಿಸಲು ಎರಡೂ ಗಿಡದ ಬೇರುಗಳನ್ನು ಹೆಣೆದ ಶಿಲೀಂಧ್ರದ ಎಳೆಗಳು ನೆರವಾಗುತ್ತವೆ. ಸ್ವಿಸ್ ಮತ್ತು ಭಾರತದ ವಿಜ್ಞಾನಿಗಳು ಜೊತೆಗೂಡಿ ಮಾಡಿದ ಈ ಕೆಲಸ 2019–20ರಲ್ಲಿ ಪ್ರಕಟವಾಯಿತು. ತೊಗರಿ–ರಾಗಿ ಜೋಡಿಯ ಹೊಲದ ಪ್ರಯೋಗಗಳು ಬೆಂಗಳೂರಿನಲ್ಲೂ ನಡೆದವು.

ಒಂದು ಮಾತು ಮರೆಯಬಾರದು. ಸಾಕಷ್ಟು ನೀರಿದ್ದಾಗ ತೊಗರಿ ರಾಗಿಯೊಡನೆ ಪೈಪೋಟಿಗಿಳಿಯುತ್ತದೆ, ರಾಗಿ ಸೊರಗುತ್ತದೆ. ಬರ ಬಿದ್ದಾಗ ಅದೇ ತೊಗರಿ ರಾಗಿಯನ್ನು ಉಳಿಸುತ್ತದೆ. ಹೀಗಾಗಿ ಸಾಲುಗಳ ಅಂತರ ಎಷ್ಟಿರಬೇಕು ಎಂಬುದೇ ದೊಡ್ಡ ಪ್ರಶ್ನೆ. ಅಕ್ಕಡಿ ಬಿಟ್ಟು ಬರೀ ರಾಗಿ ಹಾಕುವವರು ಮತ್ತೆ ಯೋಚಿಸಲಿ ಎಂಬುದು ನನ್ನ ಆಸೆ. ಭತ್ತದ ವಿಷಯ ಹೇಳುವುದಾದರೆ, ನೀರು ನಿಲ್ಲಿಸದೆ ಬೆಳೆಯುವ ‘ಶಾರದಾ’ ತಳಿಯನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲೇ ಕೊಟ್ಟಿದೆ.

ಬಿಸಿಲು ಹೆಚ್ಚಾದ್ರೆ ಮರಗಳಿಗೂ ಅಪಾಯವಾ?

ಎಲೆಗೂ ಒಂದು ಮಿತಿ ಇದೆ. ಉಷ್ಣವಲಯದ ಮರಗಳಲ್ಲಿ ಎಲೆಯ ಉಷ್ಣಾಂಶ ಸರಾಸರಿ 46.7 ಡಿಗ್ರಿ ದಾಟಿದರೆ ಆಹಾರ ತಯಾರಿಸುವ ಯಂತ್ರವೇ ಕೆಡುತ್ತದೆ. 2023ರಲ್ಲಿ ‘ನೇಚರ್’ನಲ್ಲಿ ಬಂದ ಅಧ್ಯಯನ, ಸದ್ಯ ಉಷ್ಣವಲಯದ ಕಾಡಿನ ಮೇಲ್ಛಾವಣಿಯ ಎಲೆಗಳಲ್ಲಿ ಹತ್ತು ಸಾವಿರಕ್ಕೆ ಒಂದು ಮಾತ್ರ ಈ ಮಿತಿ ದಾಟುತ್ತಿದೆ ಎಂದಿತು. ಗಾಳಿ 35 ಡಿಗ್ರಿ ಇದ್ದರೂ ನೀರಿಲ್ಲದೆ ರಂಧ್ರ ಮುಚ್ಚಿದ ಎಲೆ, ಬಿಸಿಲಿನಲ್ಲಿ ಗಾಳಿಗಿಂತ ಎಷ್ಟೋ ಬಿಸಿಯಾಗುತ್ತದೆ.

ನಮ್ಮ ಕೊಳಚೆ ನೀರನ್ನ ಶುದ್ಧ ಮಾಡಿ ಕೋಲಾರದ ಕೆರೆಗೆ ಬಿಡ್ತಾರಲ್ಲ, ಅದರಿಂದ ಒಳ್ಳೆಯದಾಗಿದೆಯಾ?

ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ದಿನಕ್ಕೆ 44 ಕೋಟಿ ಲೀಟರ್ ಕಳಿಸುವ ಗುರಿ ಇಟ್ಟುಕೊಂಡು 2018ರಲ್ಲಿ ನೀರು ಹರಿಸಲಾಯಿತು. ಕೆರೆ ತುಂಬಿದ ಊರುಗಳ ಸುತ್ತ ಅಂತರ್ಜಲದ ಮಟ್ಟ ಏರಿದ್ದನ್ನು ಅಧ್ಯಯನಗಳು ದಾಖಲಿಸಿವೆ, ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂದಿದೆ. ಪ್ರಮಾಣದ ದೃಷ್ಟಿಯಿಂದ ಫಲ ಸ್ಪಷ್ಟ. ಗುಣಮಟ್ಟದ ಪ್ರಶ್ನೆ ಬೇರೆ. ಈ ನೀರಿಗೆ ಆಗುವ ಎರಡನೇ ಹಂತದ ಶುದ್ಧೀಕರಣದಲ್ಲಿ, ಅಂದರೆ ಸೂಕ್ಷ್ಮಜೀವಿಗಳಿಂದ ಕೊಳೆ ತಿನ್ನಿಸುವ ಹಂತದಲ್ಲಿ, ಸಾರಜನಕ, ರಂಜಕ, ಔಷಧಿಗಳ ಉಳಿಕೆ ಪೂರ್ತಿ ಹೋಗುವುದಿಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಕೋಲಾರದ ಜನ ಕೇಳುತ್ತಿರುವುದು ನ್ಯಾಯವಾದದ್ದು. ಅವರಿಗೆ ಕಳಿಸುವ ನೀರು ನಾವು ಬಳಸಿ ಬಿಟ್ಟದ್ದು.

ಜಗತ್ತಿನಲ್ಲಿ ಎಲ್ಲಾದ್ರೂ ಇಳಿದ ಅಂತರ್ಜಲ ಮತ್ತೆ ಏರಿದ ಉದಾಹರಣೆ ಇದೆಯಾ?

ಇದೆ. 2024ರಲ್ಲಿ ಸ್ಕಾಟ್ ಜಸೆಚ್ಕೊ ಮತ್ತು ಸಂಗಡಿಗರು ನಲವತ್ತಕ್ಕೂ ಹೆಚ್ಚು ದೇಶಗಳ ಸುಮಾರು 1,70,000 ಬಾವಿಗಳ ದಾಖಲೆ ನೋಡಿದರು. ಅಂತರ್ಜಲ ವಲಯಗಳಲ್ಲಿ ಶೇ 30ರಷ್ಟು ಕಡೆ ಕುಸಿತ ಈ ಶತಮಾನದಲ್ಲಿ ಇನ್ನೂ ವೇಗವಾಗಿದೆ. ಆದರೆ ಬ್ಯಾಂಕಾಕ್‌ನಂಥ ಕಡೆ ಬೋರ್‌ವೆಲ್ ಬಳಕೆಗೆ ಶುಲ್ಕ, ಪರವಾನಗಿ ಬಿಗಿ ಮಾಡಿದ ಮೇಲೆ ಮಟ್ಟ ಮರಳಿ ಏರಿತು.

ನಮ್ಮ ಅಪಾರ್ಟ್‌ಮೆಂಟ್‌ನವರು ಏನು ಅಳೆಯಬಹುದು?

ತೆರೆದ ಬಾವಿಯೋ ಇಂಗುಬಾವಿಯೋ ಇದ್ದರೆ ತಿಂಗಳಿಗೊಮ್ಮೆ, ಅದೇ ತಾರೀಖು, ಪಂಪ್ ಚಾಲೂ ಮಾಡುವ ಮುಂಚೆ ಬೆಳಿಗ್ಗೆ ಅಳೆಯಿರಿ. ಕಟ್ಟೆಯ ಮೇಲೆ ಬಣ್ಣದಲ್ಲಿ ಒಂದು ಗೆರೆ ಎಳೆದು ಯಾವಾಗಲೂ ಅಲ್ಲಿಂದಲೇ ಟೇಪ್ ಇಳಿಸಿ. ಟೇಪಿನ ತುದಿಗೆ ಒಂದು ಭಾರ ಕಟ್ಟಿ, ಕೊನೆಯ ಒಂದು ಮೀಟರಿಗೆ ಸೀಮೆಸುಣ್ಣ ಹಚ್ಚಿ. ಒದ್ದೆಯಾದ ಗುರುತು ಎಲ್ಲಿ ಶುರುವಾಯಿತೆಂದು ಮೇಲೆತ್ತಿ ಓದಿದರೆ ನೀರಿನ ಮಟ್ಟ ನಿಖರವಾಗಿ ಸಿಗುತ್ತದೆ. ಜೊತೆಗೆ ದಾರ ಕಟ್ಟಿದ ಥರ್ಮಾಮೀಟರ್ ಇರುವ ಸಣ್ಣ ಡಬ್ಬಿಯನ್ನು ನೀರಿನೊಳಗೆ ಹತ್ತು ನಿಮಿಷ ಬಿಟ್ಟು, ನೀರು ತುಂಬಿದ ಡಬ್ಬಿಯ ಸಮೇತ ಮೇಲೆತ್ತಿ ಓದಿ. ಬರೀ ಥರ್ಮಾಮೀಟರ್ ಎತ್ತಿದರೆ ಮೇಲೆ ಬರುವಷ್ಟರಲ್ಲಿ ಗಾಳಿಯ ಉಷ್ಣಾಂಶ ತೋರಿಸುತ್ತದೆ. ತಾರಸಿಯಲ್ಲಿ ಒಂದು ಮಳೆಮಾಪಕ ಇಡಿ. ಬೋರ್‌ವೆಲ್‌ಗೆ ಮೀಟರ್ ಹಾಕಿಸಿ, ತಿಂಗಳ ಬಳಕೆಯನ್ನು ಅದೇ ಪುಸ್ತಕದಲ್ಲಿ ಬರೆಯಿರಿ.

ಎರಡು ಮಳೆಗಾಲ ಕಳೆದರೆ ನಿಮ್ಮ ಬಾವಿ ಎಷ್ಟು ಮಳೆಗೆ ಎಷ್ಟು ಏರುತ್ತದೆ, ಏರಲು ಎಷ್ಟು ದಿನ ತೆಗೆದುಕೊಳ್ಳುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ. ಮಳೆ ಬಿದ್ದ ಮರುದಿನವೇ ಮಟ್ಟ ಏರಿ ಉಷ್ಣಾಂಶವೂ ಬದಲಾದರೆ ನೀರು ಸರಿಯಾಗಿ ಸೋಸಿಕೊಳ್ಳದೆ ನೇರವಾಗಿ ಇಳಿಯುತ್ತಿದೆ ಎಂದು ಶಂಕಿಸಿ, ಬಾವಿಯ ಸುತ್ತಲಿನ ಕಟ್ಟೆ ಮತ್ತು ಸೋಸುಗುಂಡಿ ಪರೀಕ್ಷಿಸಿ. ಮಳೆಯೇ ಇಲ್ಲದ ತಿಂಗಳಲ್ಲಿ ಮಟ್ಟ ಏರಿದರೆ ಹತ್ತಿರದಲ್ಲಿ ಕೊಳಾಯಿಯೋ ಒಳಚರಂಡಿಯೋ ಸೋರುತ್ತಿರಬಹುದು. ಅದನ್ನು ಜಲಮಂಡಳಿಗೆ ತಿಳಿಸಿ, ಆ ವಾರವೇ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ.